ಪೊದೆಗಳ ಹಿಂದಿದ್ದ 13 ಮೀಟರ್

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್‌ಗಳಿಗೆ ವಿಮಾನ ನಿಲ್ದಾಣಗಳ ಸೀನರಿ, ಅಂದರೆ ನೆಲ, ಕಟ್ಟಡಗಳ ಮಾದರಿ, ಮಾಡುವುದು ನನ್ನ ಕೆಲಸ. ಹೆಸರಾಂತ ದೊಡ್ಡ ನಿಲ್ದಾಣಗಳನ್ನು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮೊದಲಿಂದಲೂ ಮನಸ್ಸಿರುವುದು ಪ್ರಾದೇಶಿಕ ನಿಲ್ದಾಣಗಳ ಮೇಲೆ. ಅಲ್ಲಿ ಇರುವುದು ಒಂದೇ ರನ್‌ವೇ, ಪುಟ್ಟದೊಂದು ಟರ್ಮಿನಲ್, ದಿನಕ್ಕೆ ನಾಲ್ಕಾರು ಸಲ ಬಂದುಹೋಗುವ ಟರ್ಬೊಪ್ರಾಪ್ ವಿಮಾನಗಳು. ಅಂಥದ್ದೊಂದನ್ನು ಮಾಡುವಾಗ ನಾನು ತಪ್ಪಿದ್ದು ಎಲ್ಲಿ ಎಂದು ಬರೆದಿಡಬೇಕೆನಿಸಿತು.

ಟರ್ಮಿನಲ್‌ಗೇ ಮೂರು ತಿಂಗಳು ಕೊಟ್ಟಿದ್ದೆ. ಚಾವಣಿಯ ತಗಡಿನ ತುಕ್ಕು, ಏಸಿ ಪೆಟ್ಟಿಗೆಗಳ ಕೆಳಗೆ ಗೋಡೆಯ ಮೇಲೆ ಇಳಿದ ನೀರಿನ ಕಲೆ, ಬೇಲಿಯ ತಂತಿ ಬಾಗಿದ ಜಾಗ, ಎಲ್ಲವನ್ನೂ ಫೋಟೊ ನೋಡಿ ನೋಡಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕೂರಿಸಿದ್ದೆ. ರನ್‌ವೇ ಮುಗಿದದ್ದು ಎರಡೇ ದಿನದಲ್ಲಿ. ಉದ್ದ 1,900 ಮೀಟರ್, ಅಗಲ 45. ಆ ಅಗಲಕ್ಕೆ ಥ್ರೆಶೋಲ್ಡ್‌ನಲ್ಲಿ, ಅಂದರೆ ಇಳಿಯುವ ಜಾಗ ಶುರುವಾಗುವ ತುದಿಯಲ್ಲಿ, 12 ಬಿಳಿ ಪಟ್ಟಿ. ಉಪಗ್ರಹ ಚಿತ್ರದಲ್ಲಿ ಹಳೆಯ ರನ್‌ವೇ ಸಂಖ್ಯೆ ಇತ್ತು. ಕಾಂತೀಯ ಉತ್ತರ ಸರಿಯುತ್ತಲೇ ಇರುವುದರಿಂದ ರನ್‌ವೇಯ ದಿಕ್ಕನ್ನು ದಿಕ್ಸೂಚಿಯ ಲೆಕ್ಕದಲ್ಲಿ ಹೇಳುವ ಆ ಸಂಖ್ಯೆಗಳು ಎಷ್ಟೋ ವರ್ಷಗಳಿಗೊಮ್ಮೆ ಬದಲಾಗುತ್ತವೆ. ಅದನ್ನು ಗಮನಿಸಿ ತಿದ್ದಿದ್ದಕ್ಕೆ ಒಳಗೊಳಗೇ ಸಮಾಧಾನವೂ ಆಗಿತ್ತು.

ಎತ್ತರದ ವಿಷಯಕ್ಕೆ ಬಂದಾಗ ಮಾತ್ರ ಹಳೆಯ ಅಭ್ಯಾಸ ಕೈಹಿಡಿದು ನಡೆಸಿತು. ನಾನು ಕೆಲಸ ಕಲಿತದ್ದು 2006ರಲ್ಲಿ ಬಂದ ಎಫ್‌ಎಸ್‌ಎಕ್ಸ್ (ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್) ಮೇಲೆ. ಅದರಲ್ಲಿ ಇಡೀ ನಿಲ್ದಾಣವನ್ನು ಒಂದೇ ಎತ್ತರದಲ್ಲಿ ತಟ್ಟೆಯ ಹಾಗೆ ಚಪ್ಪಟೆ ಮಾಡಿಬಿಡುವುದೇ ರೂಢಿ. ಈಗಿನ ಸಿಮ್ಯುಲೇಟರ್‌ಗಳಲ್ಲಿ ಇಳಿಜಾರು ರನ್‌ವೇ ಮಾಡಲು ಬರುತ್ತದೆ. ಆದರೆ ಅಲ್ಲಿನ ನೆಲದ ಮೆಷ್, ಅಂದರೆ ಎತ್ತರದ ಬಿಂದುಗಳ ಬಲೆ, ತೀರಾ ಒರಟಾಗಿತ್ತು. 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ರಾಡಾರ್‌ನಿಂದ ಅಳೆಯಿತಲ್ಲ, ನಾನು ಬಳಸಿದ್ದು ಅದರ ದತ್ತಾಂಶವನ್ನೇ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸುಮಾರು 30 ಮೀಟರ್ ಅಂತರ. ರಾಡಾರ್‌ಗೆ ಎಷ್ಟೋ ಕಡೆ ಮರದ ತಲೆಯೂ ನೆಲವೇ, ಕಟ್ಟಡದ ಚಾವಣಿಯೂ ನೆಲವೇ. ಹಾಗಾಗಿ ರನ್‌ವೇ ಮೇಲೆ ಇಲ್ಲದ ಉಬ್ಬುಗಳೆದ್ದು ವಿಮಾನ ಕುಪ್ಪಳಿಸುತ್ತಿತ್ತು. ನಿಲ್ದಾಣಗಳ ಅಧಿಕೃತ ಮಾಹಿತಿ ಪುಸ್ತಕವಾದ ಎಐಪಿ ತೆರೆದು, ಅಲ್ಲಿದ್ದ ನಿಲ್ದಾಣದ ಎತ್ತರವನ್ನು ತೆಗೆದುಕೊಂಡು, ಎಲ್ಲವನ್ನೂ ಆ ಮಟ್ಟಕ್ಕೆ ಸಮ ಮಾಡಿಬಿಟ್ಟೆ.

ಆ ಸಂಖ್ಯೆಯ ಅರ್ಥ ನನಗೆ ಗೊತ್ತಿತ್ತು. ನಿಲ್ದಾಣದ ಎತ್ತರ ಎಂದರೆ ವಿಮಾನ ಇಳಿಯುವ ಜಾಗದಲ್ಲಿ ಎಲ್ಲಕ್ಕಿಂತ ಎತ್ತರದ ಬಿಂದುವಿನದು. ಸರಾಸರಿ ಅಲ್ಲ, ಮಧ್ಯಬಿಂದುವಿನದೂ ಅಲ್ಲ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ಎರಡೂ ಥ್ರೆಶೋಲ್ಡ್‌ಗಳ ಎತ್ತರ ಬೇರೆಬೇರೆಯಾಗಿ ಇತ್ತು. ಒಂದು ತುದಿ ಆ ಬಿಂದುವಿಗಿಂತ 13 ಮೀಟರ್ ಕೆಳಗೆ, ಇನ್ನೊಂದು 4 ಮೀಟರ್ ಕೆಳಗೆ. ಓದಿದ್ದೆ, ಮುಂದೆ ಹೋಗಿದ್ದೆ.

ಸಮ ಮಾಡಿದ ಮೇಲೆ ತಗ್ಗಿನ ತುದಿ ಗಾಳಿಯಲ್ಲಿ ಎದ್ದು ನಿಂತಿತು. ಅದರಾಚೆ ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ ಕಡಿದಾದ ದಿಬ್ಬ. ಕಣ್ಣಿಗೆ ಚುಚ್ಚುತ್ತಿತ್ತು. ಅದರ ಮೇಲೆಲ್ಲ ಹುಲ್ಲು ಹರಡಿ, ಪೊದೆ ನೆಟ್ಟು, ಬುಡದಲ್ಲಿ ಮರಗಳನ್ನಿಟ್ಟು ಮರೆಮಾಡಿದೆ. ಅದಕ್ಕೇ ಒಂದು ಇಡೀ ದಿನ ಹಿಡಿಯಿತು.

ಬಿಡುಗಡೆಗೆ ಮೊದಲು ಆ ನಿಲ್ದಾಣಕ್ಕೆ ನಿಜವಾಗಿ ವಿಮಾನ ಹಾರಿಸುವ ಹಿರಿಯ ಪೈಲಟ್ ಒಬ್ಬರನ್ನು ಪರೀಕ್ಷೆಗೆ ಕರೆದಿದ್ದೆ. ಟರ್ಮಿನಲ್ ಸುತ್ತ ಕ್ಯಾಮೆರಾ ತಿರುಗಿಸಿ, "ಚೆನ್ನಾಗಿದೆ" ಅಂದರು. ಆಮೇಲೆ ಮೂರು ಸಲ ಇಳಿದರು. ಮೂರನೆಯ ಸಲ ನಿಂತಲ್ಲೇ ಕೈ ತೆಗೆದು ಹೇಳಿದರು: "ಇದು ಬೇರೆ ಯಾವುದೋ ರನ್‌ವೇ ರೀ. ನಮ್ಮದು ಇಳಿಯೋವಾಗ ಎದ್ದು ಬರುತ್ತೆ."

"ಎದ್ದು ಬರುತ್ತೆ ಅಂದರೆ, ಸರ್?"

"ಈ ತಗ್ಗಿನ ಕಡೆಯಿಂದ ಬಂದರೆ ಯಾವಾಗಲೂ ನಾವೇ ಮೇಲಿದ್ದೀವಿ ಅನ್ನಿಸುತ್ತೆ. ರನ್‌ವೇ ಪಕ್ಕದ ಪಾಪಿ ದೀಪಗಳು ಎತ್ತರ ಸರಿ ಇದೆ ಅಂತ ಎರಡು ಬಿಳಿ ಎರಡು ಕೆಂಪು ತೋರಿಸ್ತಾ ಇದ್ದರೂ ಕೈ ಕೆಳಗಿಳಿಸೋಕೆ ಎಳೆಯುತ್ತೆ. ಹೊಸಬರಿಗೆ ನಾವು ಮೊದಲು ಹೇಳಿಕೊಡೋದೇ ಅದು. ಹೊರಡೋಕೆ ರನ್‌ವೇ ಮೇಲೆ ಲೈನಪ್ ಆಗಿ ನಿಂತರೆ ಆಚೆ ತುದಿ ನಮಗೆ ಕಾಣೋದೇ ಇಲ್ಲ. ನಿಮ್ಮದರಲ್ಲಿ ಎಲ್ಲಾ ಕಾಣುತ್ತೆ."

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ತಗ್ಗಿನ ತುದಿಯಿಂದ ರನ್‌ವೇಯ ಎಲ್ಲಕ್ಕಿಂತ ಎತ್ತರದ ಬಿಂದುವಿನವರೆಗೆ ಸುಮಾರು 1,250 ಮೀಟರ್, ಏರು 13 ಮೀಟರ್. ಡಿಗ್ರಿಯಲ್ಲಿ 0.6. ಸಾಮಾನ್ಯ 3 ಡಿಗ್ರಿಯ ಗ್ಲೈಡ್‌ಪಾತ್‌ನಲ್ಲಿ, ಅಂದರೆ ಇಳಿಯುವ ಓರೆದಾರಿಯಲ್ಲಿ, ಬರುವ ಪೈಲಟ್‌ಗೆ ರನ್‌ವೇ ಮೇಲ್ಮೈಯೊಂದಿಗೆ ಕಾಣುವ ಕೋನ 3.6 ಡಿಗ್ರಿ. ಕಣ್ಣು ರನ್‌ವೇಯನ್ನು ಸಮತಟ್ಟೆಂದು ನಂಬುವುದರಿಂದ, ತಾನು ಮೇಲಿದ್ದೇನೆ ಎಂಬ ಭ್ರಮೆ ಹುಟ್ಟುತ್ತದೆ. ಅದನ್ನು ನಂಬಿ ಇಳಿಸಿದರೆ ವಿಮಾನ ನಿಜವಾಗಿಯೂ ತಗ್ಗಿಹೋಗುತ್ತದೆ. ನಾನು ಅಳಿಸಿಹಾಕಿದ್ದು ಅದನ್ನೇ. ಆ ನಿಲ್ದಾಣಕ್ಕೆ ಹೋಗುವ ಪ್ರತಿಯೊಬ್ಬ ಪೈಲಟ್ ಮೈಯಲ್ಲಿ ಇಟ್ಟುಕೊಂಡಿರುವ ತಿಳಿವಳಿಕೆ ಅದು. ಪೊದೆ ನೆಡುವಾಗ ಆ ದಿಬ್ಬ ನನಗೆ ಇದನ್ನೇ ಹೇಳುತ್ತಿತ್ತು.

ಮತ್ತೆ ಮಾಡಿದೆ. ರನ್‌ವೇ ಸುತ್ತಲಿನ ಅಡೆತಡೆಗಳನ್ನು ತೋರಿಸುವ ಟೈಪ್ ಎ ಅಬ್‌ಸ್ಟಕಲ್ ಚಾರ್ಟ್‌ನಲ್ಲಿ ರನ್‌ವೇಯ ಪಾರ್ಶ್ವನೋಟ ಇರುತ್ತದೆ. ಅದರಿಂದ ಎತ್ತರಗಳನ್ನು ತೆಗೆದು, ನಡುಗೆರೆಯುದ್ದಕ್ಕೂ ಬಿಂದುಗಳನ್ನಿಟ್ಟು, ನಯವಾಗಿ ಸೇರಿಸಿದೆ. ಇಷ್ಟು ಉದ್ದದ ರನ್‌ವೇಗಳಲ್ಲಿ ಗರಿಷ್ಠ ಮತ್ತು ಕನಿಷ್ಠ ಎತ್ತರಗಳ ವ್ಯತ್ಯಾಸ ಉದ್ದದ ಶೇಕಡ 1ನ್ನು ಮೀರಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ಅನುಬಂಧ 14. 1,900 ಮೀಟರ್‌ಗೆ 19 ಮೀಟರ್ ತನಕ ಅವಕಾಶ. ನಮ್ಮ 13 ಅದರೊಳಗೇ ಇತ್ತು, ಅಸಹಜವಾದದ್ದೇನೂ ಅಲ್ಲ. ಸಮತಟ್ಟಾದ ರನ್‌ವೇಯೇ ಅಪರೂಪ ಎಂದು ಈಗ ಅನ್ನಿಸುತ್ತದೆ.

ನೆಲ ಅಲ್ಲಾಡಿದ ಮೇಲೆ ಅದರ ಮೇಲಿದ್ದದ್ದೆಲ್ಲ ಅಲ್ಲಾಡಿತು. ರನ್‌ವೇಗೆ ಹೋಗಿಬರುವ ದಾರಿಯಾದ ಟ್ಯಾಕ್ಸಿವೇಯ ಹಳದಿ ಗೆರೆಗಳನ್ನು ಚಪ್ಪಟೆ ಹಾಳೆಯಾಗಿ ಮಾಡಿದ್ದೆ. ಅರ್ಧ ಮಣ್ಣೊಳಗೆ ಹೋದವು, ಅರ್ಧ ತೇಲಿದವು. ಎಲ್ಲವನ್ನೂ ಕಿತ್ತು, ನೆಲಕ್ಕೆ ಅಂಟುವ ಗೆರೆಗಳಾಗಿ ಎಳೆದೆ. ವಿಮಾನಗಳು ನಿಲ್ಲುವ ಏಪ್ರನ್‌ಗೂ ನೀರು ಹರಿದುಹೋಗುವಷ್ಟು ಓರೆ ಬಂತು. ಪ್ರೀತಿಯಿಂದ ಮಾಡಿದ್ದ ಟರ್ಮಿನಲ್‌ನ ಅಡಿಪಾಯ ಕತ್ತರಿಸಿ ಕೂರಿಸಬೇಕಾಯಿತು. ಐದು ವಾರ ಹಿಡಿಯಿತು, ಬಿಡುಗಡೆಯ ದಿನಾಂಕ ದಾಟಿಹೋಯಿತು. ಈಗ ಯಾವ ನಿಲ್ದಾಣ ಹಿಡಿದರೂ ನೆಲದ ಮೇಲೆ ವಿಮಾನ ಓಡಿಸಿ ನೋಡುವವರೆಗೂ ಒಂದು ಗೋಡೆಯನ್ನೂ ಎಬ್ಬಿಸುವುದಿಲ್ಲ. ಸೀನರಿಯಲ್ಲಿ ಏನನ್ನಾದರೂ ಮುಚ್ಚಲು ಕೈ ಹೋದರೆ ನಿಲ್ಲಿಸಿ, ಅದು ಅಲ್ಲಿ ಯಾಕೆ ಬಂತು ಎಂದು ಮೊದಲು ಹುಡುಕುತ್ತೇನೆ.

ಎರಡನೆಯ ಸಲ ಆ ಪೈಲಟ್ ಬಂದಾಗ ಹೊತ್ತನ್ನು ರಾತ್ರಿಗೆ ಬದಲಿಸಿಕೊಂಡರು. ತಗ್ಗಿನ ತುದಿಗೆ ಟ್ಯಾಕ್ಸಿ ಮಾಡಿ ಲೈನಪ್ ಆದರು. ಎರಡೂ ಅಂಚಿನ ಬಿಳಿ ದೀಪಗಳು ಸಾಲಾಗಿ ಮೇಲೇರಿ, ಮಧ್ಯದಾಚೆ ಒಂದು ಕಡೆ ಕತ್ತಲಲ್ಲಿ ಕಡಿದುಹೋಗಿದ್ದವು. ಒಂದು ಕ್ಷಣ ಅದನ್ನೇ ನೋಡುತ್ತ ಕೂತರು. "ಹ್ಞಾಂ" ಅಂದು ಥ್ರಾಟಲ್ ಮುಂದಕ್ಕೆ ದೂಡಿದರು.