“ಸೇವೆಗೆ ಯಾವಾಗ ಬರ್ತೀಯಾ?” ಎಂದು ಕೇಳುವವರಿಗೆ

ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ ಇಷ್ಟೇ: “ನೀನು ಸೇವೆಗೆ ಯಾವಾಗ ಬರ್ತೀಯಾ?” ನಮ್ಮ ಕ್ರೈಸ್ತ ಸಭೆಗಳಲ್ಲಿ ಸೇವೆ ಅಂದರೆ ಬೋಧಕರಾಗುವುದು, ಊರೂರಿಗೆ ಹೋಗಿ ಸುವಾರ್ತೆ ಹೇಳುವುದು, ಕೊನೇಪಕ್ಷ ಸಂಡೇಸ್ಕೂಲ್ ನಡೆಸುವುದು. ಉಳಿದದ್ದೆಲ್ಲ ಹೊಟ್ಟೆಪಾಡು.

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನುಗಳನ್ನು ತೊಳೆದು ಸ್ಟೆರಿಲೈಸ್ ಮಾಡುವ ವಿಭಾಗದಲ್ಲಿದ್ದೇನೆ. ಹನ್ನೊಂದು ವರ್ಷವಾಯಿತು. ನರ್ಸ್ ಆಗಿದ್ದರೆ ಜನ ಇಷ್ಟು ಕೇಳುತ್ತಿರಲಿಲ್ಲವೇನೋ. ನರ್ಸಮ್ಮ ರೋಗಿಯ ಕೈ ಹಿಡಿಯುತ್ತಾರೆ, ಅದು ಎಲ್ಲರ ಕಣ್ಣಿಗೂ ಸೇವೆಯ ಹಾಗೆ ಕಾಣುತ್ತದೆ. ನಾನು ಹಿಡಿಯುವುದು ಕತ್ತರಿ, ಫೋರ್ಸೆಪ್ಸ್ ಎಂಬ ಇಕ್ಕಳ. ನನ್ನಿಂದ ಉಪಕಾರವಾದ ಒಬ್ಬ ರೋಗಿಯ ಮುಖವನ್ನೂ ನಾನು ನೋಡಿಲ್ಲ.

ಒಂದು ಭಾನುವಾರದ ವಿಷಯ ಹೇಳಬೇಕು. ಶನಿವಾರ ರಾತ್ರಿ ಡ್ಯೂಟಿ. ಮೂರು ಸಿಸೇರಿಯನ್ ಆಗಿದ್ದವು, ತೊಳೆಯಬೇಕಾದ ಸಾಮಾನಿನ ಸೆಟ್ ಒಂದರ ಹಿಂದೆ ಒಂದು ಬರುತ್ತಲೇ ಇತ್ತು. ಬೆಳಿಗ್ಗೆ ಮನೆಗೆ ಹೋಗಿ ಸ್ನಾನ ಮಾಡಿ, ಚಹಾ ಕುಡಿದು, ನಿದ್ದೆಗಣ್ಣಲ್ಲೇ ಆರಾಧನೆಗೆ ಬಂದೆ. ಹೊರಗಿಂದ ಬಂದಿದ್ದ ಪ್ರಸಂಗಿಯೊಬ್ಬರು ಕೊನೆಯಲ್ಲಿ, “ದೇವರ ಸೇವೆಯಲ್ಲಿ ಇರುವವರೆಲ್ಲ ಎದ್ದು ನಿಲ್ಲಿ, ನಿಮಗಾಗಿ ಪ್ರಾರ್ಥಿಸೋಣ” ಎಂದರು. ನಮ್ಮ ಸಭೆಯ ಬೋಧಕರಾದ ಅಯ್ಯನವರು ನಿಂತರು. ಗಾಯನ ತಂಡದವರು ನಿಂತರು. ನನ್ನ ಪಕ್ಕದಲ್ಲಿ ಬಸ್ ಡ್ರೈವರ್ ಅಣ್ಣ ಒಬ್ಬರು ಕೂತಿದ್ದರು. ಅವರು ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ಆಚೆ ಬಂದ ಮೇಲೆ ಒಬ್ಬ ಆಂಟಿ ಪ್ರೀತಿಯಿಂದಲೇ ನನ್ನ ಕೈ ಹಿಡಿದು ಕೇಳಿದರು, “ನೀನು ಸೇವೆಗೆ ಯಾವಾಗ ಬರ್ತೀಯಮ್ಮ?” ನಾನು, “ರಿಟೈರ್ ಆದ ಮೇಲೆ ನೋಡೋಣ ಆಂಟಿ” ಅಂದುಬಿಟ್ಟೆ. ಆ ಉತ್ತರ ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಅದು ಸುಳ್ಳು.

ಆಂಟಿ, ಸರಿಯಾದ ಉತ್ತರ ಇಲ್ಲಿದೆ.

ಫೋರ್ಸೆಪ್ಸ್‌ಗೆ ಒಂದು ಕೀಲು ಇರುತ್ತದೆ. ರಕ್ತ ಒಣಗಿ ಕೂರುವುದು ಅಲ್ಲೇ. ಅದನ್ನು ಪೂರ್ತಿ ಬಿಚ್ಚಿ ಬ್ರಷ್ ಹಾಕಿ ಉಜ್ಜಬೇಕು, ಆಮೇಲೆ ಭೂತಗನ್ನಡಿಯ ದೀಪದ ಕೆಳಗೆ ಹಿಡಿದು ನೋಡಬೇಕು. ಬಿಸಿ ಉಗಿಯಿಂದ ರೋಗಾಣು ಕೊಲ್ಲುವ ಆಟೋಕ್ಲೇವ್ ಯಂತ್ರಕ್ಕೆ ಹಾಕುತ್ತೇವಲ್ಲ, ಕೊಳೆ ಇದ್ದರೆ ಏನಂತೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. 134 ಡಿಗ್ರಿ ಉಗಿಯೂ ಒಣಗಿದ ರಕ್ತದ ಅಡಿಗೆ ಸರಿಯಾಗಿ ತಲುಪುವುದಿಲ್ಲ. ತೊಳೆಯದೆ ಹಾಕಿದರೆ ಹೊರಬರುವುದು ಬೇಯಿಸಿದ ಕೊಳೆ. ಸಾಮಾನು ಸುತ್ತಿದ ಪ್ಯಾಕ್ ಒದ್ದೆಯಾಗಿ ಬಂದರೆ ಅದನ್ನೂ ಒಪ್ಪುವಂತಿಲ್ಲ. ಬಿಚ್ಚಿ, ಮತ್ತೆ ಪ್ಯಾಕ್ ಮಾಡಿ, ಮತ್ತೆ ಹಾಕಬೇಕು. ರಾತ್ರಿ ಮೂರು ಗಂಟೆಗೆ ಕೀಲು ನೋಡದೆ ಮುಂದೆ ತಳ್ಳಿದರೆ ಆಗ ಯಾರಿಗೂ ಗೊತ್ತಾಗುವುದಿಲ್ಲ. ವಾರ ಬಿಟ್ಟು ಯಾವುದೋ ತಾಯಿಯ ಹೊಲಿಗೆ ಕೀವು ಕಟ್ಟಬಹುದು. ಆಗಲೂ ಯಾರೂ ನನ್ನ ಹೆಸರು ಹೇಳುವುದಿಲ್ಲ.

ನನ್ನ ಮಟ್ಟಿಗೆ ದೇವರ ಮುಂದೆ ನಿಲ್ಲುವುದು ಅಂದರೆ ಆ ಕೀಲಿನ ಹತ್ತಿರ. ದಿನಾ ಹಾಗೆ ಅನಿಸುತ್ತದಾ ಅಂದರೆ, ಇಲ್ಲ. ಹೆಚ್ಚಿನ ದಿನ ಬೆನ್ನು ನೋವು ಮಾತ್ರ ಗೊತ್ತಾಗುತ್ತದೆ. ಆದರೂ ಆ ತಾಯಿ ಇರುವುದು ನಿಜ. ನನಗೆ ಏನು ಅನಿಸಿದರೂ ಅವಳು ಆ ಟೇಬಲ್ ಮೇಲೆ ಮಲಗಿರುತ್ತಾಳೆ.

ಸತ್ಯವೇದ ಓದಿದವರೇ ಈ ಪ್ರಶ್ನೆ ಕೇಳುವುದು ನನಗೆ ಆಶ್ಚರ್ಯ. “ನನ್ನ ಆತ್ಮದಿಂದ ಇವನನ್ನು ತುಂಬಿಸಿದ್ದೇನೆ” ಎಂದು ದೇವರೇ ಮೊದಲು ಹೇಳುವುದು ಯಾರ ಬಗ್ಗೆ? ವಿಮೋಚನಕಾಂಡ 31 ತೆಗೆದು ನೋಡಿ. ಬೆಚಲೇಲ, ಕೈಕೆಲಸದವನು. ಬಂಗಾರ, ಬೆಳ್ಳಿ, ತಾಮ್ರ, ಮರದ ಕೆಲಸ ಮಾಡುವವನು. ಊರೂರಿಗೆ ಸುವಾರ್ತೆ ಸಾರಿದ ಪೌಲನೇ ಕೊರಿಂಥದಲ್ಲಿ ಗುಡಾರ ಹೊಲಿಯುತ್ತಿದ್ದ. ನಮ್ಮ ಊರನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಕಾಲದಲ್ಲಿ ಕ್ರೈಸ್ತರಾದ ಎಷ್ಟೋ ಜನ ಮನೆಯನ್ನೂ ಜಾತಿಯನ್ನೂ ಕಳೆದುಕೊಂಡರು, ಅದರ ಜೊತೆ ದುಡಿಮೆಯನ್ನೂ. ಬರೀ ಪ್ರಸಂಗದಿಂದ ಅವರ ಹೊಟ್ಟೆ ತುಂಬುತ್ತಿತ್ತಾ? ಅದಕ್ಕೇ ಮಿಶನ್ ನೇಯ್ಗೆ ಶುರು ಮಾಡಿತು, ಅಚ್ಚುಕೂಟ ಇಟ್ಟಿತು, ಹೆಂಚಿನ ಕಾರ್ಖಾನೆ ಕಟ್ಟಿತು. ನಮ್ಮ ಅಜ್ಜಿ ಮನೆಯ ಹೆಂಚಿನ ಮೇಲೆ “ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865” ಎಂದು ಇಂಗ್ಲಿಷ್‌ನಲ್ಲಿ ಅಚ್ಚು ಒತ್ತಿತ್ತು. ಆ ಮಣ್ಣು ತುಳಿದವರ ಹೆಸರು ನಮಗೆ ಗೊತ್ತಿಲ್ಲ. ನಾವು ಮಲಗಿದ್ದು ಅವರ ಹೆಂಚಿನ ಕೆಳಗೆ, ಆಟಿ ತಿಂಗಳ ಜಡಿಮಳೆಯಲ್ಲೂ.

ಇನ್ನೊಂದು ಮಾತಿದೆ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ.

ಹಿಂದೆ ನಾನಿದ್ದ ಒಂದು ಕಡೆ, ಹಾಜರಿ ಪುಸ್ತಕದ ಮೇಲ್ಗಡೆ ಗೋಡೆಗೆ ವಚನ ಅಂಟಿಸಿದ್ದರು. ಕೊಲೊಸ್ಸೆಯವರಿಗೆ 3:23. ಏನೇ ಕೆಲಸ ಮಾಡಿದರೂ ಮನುಷ್ಯರಿಗೆ ಅಂತಲ್ಲ, ಕರ್ತನಿಗೆ ಅಂತ ಮನಸ್ಸಿಟ್ಟು ಮಾಡಿ ಎಂಬ ಮಾತು. ಎರಡು ತಿಂಗಳು ಸಂಬಳ ಬರಲಿಲ್ಲ. ಕೇಳಲು ಹೋದರೆ, “ಇದನ್ನು ಸೇವೆ ಅಂದ್ಕೊಳ್ಳಮ್ಮ” ಎಂದರು. ಆಯಾ ಕೆಲಸದ ಅಕ್ಕ ಒಬ್ಬರು ಆ ತಿಂಗಳು ಬಳೆ ಅಡವಿಟ್ಟು ಮಗನ ಫೀಸು ಕಟ್ಟಿದರು. ಅವತ್ತು ಮನೆಗೆ ಬಂದು ಸತ್ಯವೇದ ತೆಗೆದೆ. ಆ ವಚನದಿಂದ ಎರಡು ವಚನ ದಾಟಿದರೆ ನಾಲ್ಕನೇ ಅಧ್ಯಾಯ ಶುರು. ಅದರ ಮೊದಲ ಮಾತೇ ಯಜಮಾನರಿಗೆ: ನಿಮ್ಮ ಕೈಕೆಳಗಿನವರಿಗೆ ನ್ಯಾಯವಾಗಿ ಸಲ್ಲಬೇಕಾದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನ ಇದ್ದಾನೆ. ಅದನ್ನು ಯಾರೂ ಗೋಡೆಗೆ ಅಂಟಿಸಿರಲಿಲ್ಲ. ಕೆಲಸ ದೇವರದ್ದು ಎಂದು ನಾನು ನಂಬುತ್ತೇನೆ. ನಂಬುವುದರಿಂದಲೇ ಕೂಲಿಯನ್ನು ಹಿಡಿದಿಟ್ಟುಕೊಳ್ಳುವುದು ಸಣ್ಣ ತಪ್ಪು ಅಂತ ನನಗೆ ಅನಿಸುವುದಿಲ್ಲ.

ಆದ್ದರಿಂದ ಆಂಟಿ, ಮುಂದಿನ ಭಾನುವಾರ ನನ್ನನ್ನು ಬೇರೆ ಏನಾದರೂ ಕೇಳಿ. ಸಂಬಳ ಬಂತಾ ಅಂತ ಕೇಳಿ. ನಿನ್ನೆ ರಾತ್ರಿ ಎಷ್ಟು ಸೆಟ್ ಬಂತು ಅಂತ ಕೇಳಿ. ಆ ಡ್ರೈವರ್ ಅಣ್ಣನ ಹತ್ತಿರವೂ ಹೋಗಿ, ಘಾಟಿಯಲ್ಲಿ ಮಂಜು ಜಾಸ್ತಿ ಇತ್ತಾ ಅಂತ ಕೇಳಿ. ಆಮೇಲೆ ನಮಗಾಗಿ ಪ್ರಾರ್ಥನೆ ಮಾಡಿ. ಅವರಿಗೆ ಕಣ್ಣು ಎಳೆಯದಿರಲಿ ಅಂತ. ನಾನು ಮೂರು ಗಂಟೆಗೆ ಕೀಲು ಬಿಚ್ಚಿ ನೋಡುವುದನ್ನು ಬಿಡದಿರಲಿ ಅಂತ.