ಬೋರ್ಡಿನ ಮೇಲಿನ ಬಳೆ ಕೈ

ನಮ್ಮ ಟ್ಯಾಟೂ ಸ್ಟುಡಿಯೋದಲ್ಲಿ ಒಂದು ರೂಲ್ ಇದೆ. ದಿನಕ್ಕೆ ಐದು ರೆಫರೆನ್ಸ್, ಅಂದರೆ ಡಿಸೈನಿಗೆ ಮಾದರಿಯಾಗುವ ಚಿತ್ರ, ಕಸ್ಟಮರ್‌ಗೆ ತೋರಿಸುವ ಬೋರ್ಡಿಗೆ ಬೀಳಬೇಕು. ವಾಕ್-ಇನ್ ಎಷ್ಟೇ ಇರಲಿ, ಟಚ್‌ಅಪ್ ಎಷ್ಟೇ ಇರಲಿ, ಸಂಜೆ ಏಳರೊಳಗೆ ಐದು. ಬಾಸ್ ಅದನ್ನು ಇನ್‌ಸ್ಪಿರೇಷನ್ ಬ್ಯಾಂಕ್ ಅನ್ನುತ್ತಾರೆ. ಹಣ ಕಟ್ಟುವವರು ನಾವು, ಬಡ್ಡಿ ಅವರಿಗೆ.

ಮಳೆಗಾಲದಲ್ಲಿ ಗೋವಾದ ಬೀಚ್ ಕಡೆ ಟ್ಯಾಟೂ ಕೆಲಸ ಅಷ್ಟಕ್ಕಷ್ಟೇ. ಸುಮ್ನೆ ಕೂರುವ ಬದಲು ಸ್ಕೂಟರ್ ಹತ್ತಿ ಸುತ್ತುತ್ತಿದ್ದೆ. ಪಣಜಿಯ ಫೊಂಟೇನ್ಹಾಸ್ ಮನೆಗಳ ಗೋಡೆಯ ನೀಲಿ ಟೈಲ್ಸ್, ಕುಣಬಿ ಸೀರೆಯ ಕೆಂಪು ಚೌಕಳಿ, ದೇವಸ್ಥಾನದ ಗೋಡೆಯ ಕಾವಿ ಚಿತ್ರ. ಚೌತಿಯಲ್ಲಿ ಬಾರಿಸುವ ಘುಮಟೆ ನನಗೆ ಬಲು ಇಷ್ಟ. ಮಣ್ಣಿನ ಮಡಕೆಯ ಬಾಯಿಗೆ ಮೊದಲು ಉಡದ ಚರ್ಮ ಬಿಗಿಯುತ್ತಿದ್ದರು, ಈಗ ಆಡಿನದು. ಆ ಹಗ್ಗದ ಬಿಗಿತ ತೋಳಿನ ಮೇಲೆ ಹೇಗೆ ಕೂತೀತು ಅಂತ ಒಂದು ವಾರ ಗೀಚಿದ್ದೇನೆ. ಅಮ್ಮನ ಸೀರೆ ಸೆರಗಿನ ಕಸೂತಿ ಗೋಪುರ, ಮೆಟಲ್ ಬ್ಯಾಂಡ್‌ಗಳ ಮುಳ್ಳುಮುಳ್ಳು ಲೋಗೋ, ಎಲ್ಲ ಫೋನಿನ ಒಂದೇ ಫೋಲ್ಡರ್‌ನಲ್ಲಿ. ಆ ಫೋಲ್ಡರ್ ನನ್ನ ಸ್ವಂತದ್ದು. ಆದರೆ ಐದರ ಲೆಕ್ಕ ತುಂಬದ ದಿನ ಅದರಿಂದಲೇ ತೆಗೆದು ಬೋರ್ಡಿಗೆ ಹಾಕುತ್ತಿದ್ದೆ.

ಆ ಬಳೆ ಕೈ ಬೋರ್ಡಿಗೆ ಹೋಗಿದ್ದೂ ಹಾಗೇ. ಊರಿಗೆ ಹೋದಾಗ ಧಾರವಾಡದ ಆಚೆ ಒಂದು ಕೆರೆ ಏರಿ ಮೇಲೆ ಕಲ್ಲು ಕಂಡಿತ್ತು. ಕಂಬದಿಂದ ಹೊರಟ ಒಂದೇ ತೋಳು. ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಅಂಗೈ, ಸಾಲು ಬಳೆ, ಹೆಬ್ಬೆರಳ ಸಂದಿಯಲ್ಲಿ ಒಂದು ನಿಂಬೆಹಣ್ಣು. ಎಂಥ ಲೈನ್ ಅಂತೀರಿ! ಫ್ರೇಮ್ ಚೆನ್ನಾಗಿರಲಿ ಅಂತ ಸುತ್ತಲಿದ್ದದ್ದನ್ನೆಲ್ಲ ಕ್ರಾಪ್ ಮಾಡಿದೆ. ಬಾಸ್ ಅದಕ್ಕೆ 'ಬೋಹೋ ಹ್ಯಾಂಡ್' ಅಂತ ಟ್ಯಾಗ್ ಹಾಕಿದರು.

ನವೆಂಬರ್‌ನ ಒಂದು ಶನಿವಾರ ಬೈಲಹೊಂಗಲ ಕಡೆಯ ಹುಡುಗಿ ಬಂದಳು. ಪಣಜಿಯಲ್ಲಿ ನೌಕರಿ. ಜೊತೆಗೆ ತಾಯಿ. ಕನ್ನಡ ಕಿವಿಗೆ ಬಿದ್ದದ್ದೇ ನಾನು ಅರ್ಧ ಕರಗಿದ್ದೆ. "ಅವ್ವನ ಸಲುವಾಗಿ ಒಂದು ಟ್ಯಾಟೂ ಬೇಕ್ರಿ. ಅಪ್ಪ ಹೋದಮ್ಯಾಗ ಹೊಲಾ ಮನಿ ಎಲ್ಲಾ ಅಕಿನ ಕೈಯಾಗ ನಡದದ್ದು" ಅಂದಳು. ಬೋರ್ಡ್ ತೆರೆದೆ. ಅವಳ ಬೆರಳು ನೇರ ಆ ಕೈ ಮೇಲೆ ಹೋಯಿತು. "ಇದರ ಅರ್ಥ ಏನ್ರಿ?"

ಇಲ್ಲೇ ನಾನು ಕೆಟ್ಟದ್ದು. "ನಮ್ಮ ಕಡೆ ಹೆಣ್ಣಿನ ಶಕ್ತಿಯ ಗುರುತು ಇದು" ಅಂದೆ. ಎಲ್ಲಿ ಓದಿದ್ದೆ? ಎಲ್ಲೂ ಇಲ್ಲ. ಬಾಯಿಗೆ ಬಂತು, ಹೇಳಿದೆ. ಸ್ವಾಲೋ ಹಕ್ಕಿ ಹಾಕಿಸಿಕೊಂಡ ಹಳೇ ನಾವಿಕ 5,000 ನಾಟಿಕಲ್ ಮೈಲಿ ಸುತ್ತಿದವನು ಅಂತ ಬಂದ ಫಾರಿನರ್‌ಗೆಲ್ಲ ಪಾಠ ಮಾಡುವವನು ನಾನು.

ಸ್ಟೇಷನ್, ಅಂದರೆ ಟ್ಯಾಟೂ ಹಾಕುವ ಜಾಗದ ಹತ್ತಿರ ಜೊತೆಗೆ ಬಂದವರನ್ನು ಬಿಡಬಾರದು ಅನ್ನೋದು ಇನ್ನೊಂದು ರೂಲ್. ತಾಯಿ ಹೊರಗೆ ಸೋಫಾ ಮೇಲೆ. ಹಾಗಾಗಿ ಸ್ಟೆನ್ಸಿಲ್, ಅಂದರೆ ಚರ್ಮಕ್ಕೆ ಇಳಿಸುವ ಡಿಸೈನಿನ ನಕಲು, ಅಂಟಿಸಿದ್ದು, ಅದು ಒಣಗಲಿ ಅಂತ ಹತ್ತು ನಿಮಿಷ ಕಾದದ್ದು, ಯಾವುದನ್ನೂ ಅವರು ನೋಡಲಿಲ್ಲ. ಒರೆಸುವಾಗ ಸ್ಟೆನ್ಸಿಲ್ ಹೋಗದಿರಲಿ ಅಂತ ನಾನು ಯಾವಾಗಲೂ ಕೆಳಗಿನಿಂದ ಶುರು ಮಾಡೋದು. ಏಳು ಸೂಜಿಯ ಲೈನರ್ ಹಾಕಿ, ಕಟ್ಟಕಡೆಯ ಬಳೆಯ ಅರ್ಧ ಎಳೆದಿದ್ದೆ. ಅಷ್ಟರಲ್ಲಿ ತಾಯಿ ನೀರಿನ ಬಾಟಲಿ ಹಿಡಿದು ಒಳಗೆ ಬಂದರು.

"ತಮ್ಮಾ, ಇದನ್ನ ಎಲ್ಲಿಂದ ತಂದಿ?"

ಮಷಿನ್ ನಿಲ್ಲಿಸಲಿಲ್ಲ ನಾನು. "ನಮ್ಮ ಕಡೀ ಕಲ್ಲಿಂದ್ರಿ ಅವ್ವಾರ" ಅಂದೆ, ಹೆಮ್ಮೆಯಿಂದ.

"ಅದು ಮಾಸ್ತಿಕಲ್ಲೋ. ಗಂಡನ ಕೂಡ ಸುಟ್ಟುಕೊಂಡಾಕಿ ಕೈ. ನಮ್ಮ ಊರಾಗೂ ಐತಿ."

ಈಗ ಪೆಡಲ್‌ನಿಂದ ಕಾಲು ತೆಗೆದೆ. ಎಸಿ ಸದ್ದು ಅಷ್ಟು ಜೋರು ಅಂತ ಅವತ್ತೇ ಗೊತ್ತಾದದ್ದು. ಹುಡುಗಿ ತನ್ನ ಕೈ ನೋಡಿಕೊಂಡಳು, ಆಮೇಲೆ ನನ್ನ ಮುಖ ನೋಡಿದಳು. ಸುಮ್ಮನೆ ಗ್ರೀನ್ ಸೋಪ್ ಹಚ್ಚಿ ಒರೆಸಿದೆ. ಇನ್ನೊಮ್ಮೆ ಒರೆಸಿದೆ. ಸ್ಟೆನ್ಸಿಲ್ಲಿನ ನೇರಳೆ ಬಣ್ಣ ಹೋಯಿತು, ಆ ಅರ್ಧ ಬಳೆ ಹೋಗುತ್ತದೆಯೇ? ತಾಯಿ ಬೈಯಲಿಲ್ಲ. "ನಾ ಹಂಗ ಹೋಗಲಿಲ್ಲಲ್ಲೋ. ಇಲ್ಲೇ ಅದೀನಿ" ಅಂದರು ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಗ ಮೊದಲ ಸಲ ಅವರ ಕೈ ನೋಡಿದೆ. ಬಳೆ ಇರಲಿಲ್ಲ. ಗಂಡಸರ ಹಳೇ ಎಚ್‌ಎಂಟಿ ವಾಚ್, ಪಟ್ಟಿಗೆ ಹೆಚ್ಚುವರಿ ತೂತು ಕೊರೆದಿದ್ದರು. ವಾಚಿನ ಮೇಲ್ಗಡೆ ತೋಳಿನಲ್ಲಿ ಮಾಸಿದ ಹಸಿರು ಹಚ್ಚೆ: ಒಂದು ಅರ್ಧಚಂದ್ರ, ಒಂದು ಚುಕ್ಕಿ. ಹುಡುಗಿಯೂ ಅದನ್ನೇ ನೋಡುತ್ತಿದ್ದಳು. ಅರ್ಧ ಬಳೆಯ ಗೆರೆ ಚಂದ್ರನಾಗಬಹುದಿತ್ತು. ಆದರೆ ಈ ಸಲ ಬಾಯಿಗೆ ಬಂದದ್ದನ್ನು ಹೇಳಲು ಧೈರ್ಯ ಇರಲಿಲ್ಲ. ಆ ಕಲ್ಲಿನ ತಲೆ ಮೇಲೂ ಸೂರ್ಯ ಚಂದ್ರ ಕೆತ್ತಿದ್ದರು, ನಾನು ಕ್ರಾಪ್ ಮಾಡಿದ್ದೆ ಅಂತ ಒಪ್ಪಿಕೊಂಡೆ. ತಾಯಿ ನಕ್ಕುಬಿಟ್ಟರು. "ಚಂದ್ರಾಮ ಏನ್ ಬರೇ ಅಕಿ ಒಬ್ಬಾಕಿದ? ಹಾಕು." ಇಪ್ಪತ್ತು ನಿಮಿಷದ ಕೆಲಸ. ಕೈ ನಡುಗದಂತೆ ಮಾಡಿದ್ದೇ ದೊಡ್ಡದು.

ಆಮೇಲೆ ಹಳೇ ಗೋವಾದ ಪುರಾತತ್ವ ಮ್ಯೂಸಿಯಂಗೆ ಹೋದೆ. ಅಲ್ಲಿ ವೀರಗಲ್ಲು, ಮಾಸ್ತಿಕಲ್ಲು ಎರಡೂ ಇವೆ. ನನ್ನ ಕೆಲಸದ ಜಾಗದಿಂದ ಅರ್ಧ ದಿನದ ದಾರಿಯೂ ಅಲ್ಲ. ಹುಡುಕಿ ಓದಿದಾಗ ಬಳೆಯ ಅರ್ಥವೂ ತಿಳಿಯಿತು. ಬಳೆ ಒಡೆಯದೆ, ಮುತ್ತೈದೆಯಾಗಿಯೇ ಹೋದಳು ಅಂತ. ಗಂಡ ಹೋದ ಮೇಲೆ ಹೊಲ ಉತ್ತವರ ಮಗಳ ತೋಳಿಗೆ ನಾನು ಅದನ್ನೇ ಹಾಕಲು ಹೊರಟಿದ್ದೆ.

ಈಗ ಫೋಲ್ಡರ್‌ನಲ್ಲಿ ಪ್ರತಿ ಚಿತ್ರಕ್ಕೂ ಎರಡು ಫೋಟೋ ಇಡುತ್ತೇನೆ. ಒಂದು ನನಗೆ ಬೇಕಾದ ತುಂಡು, ಇನ್ನೊಂದು ಇಡೀ ಕಲ್ಲು, ಇಡೀ ಗೋಡೆ. ಅರ್ಥ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇನೆ. ಇದರಿಂದ ಇಬ್ಬರು ಕಸ್ಟಮರ್ ಕೈಬಿಟ್ಟರು. ಬಾಸ್ ಅದರ ಲೆಕ್ಕ ಇಟ್ಟಿದ್ದಾರೆ.

ಬೋರ್ಡಿನಿಂದ ಆ ಕೈ ತೆಗೆಯಿರಿ ಅಂತ ಮೂರು ಸಲ ಹೇಳಿದೆ. ಸತಿಯನ್ನು ವೈಭವೀಕರಿಸಿದರೆ 1987ರ ಕಾಯ್ದೆ ಪ್ರಕಾರ ಅಪರಾಧ ಅಂತಲೂ ಹೆದರಿಸಿ ನೋಡಿದೆ. ಅವರು ಯೋಚಿಸಿ, ಟ್ಯಾಗ್ ಬದಲಿಸಿದರು. ಈಗ ಅದು 'ವಿಂಟೇಜ್ ಹ್ಯಾಂಡ್'.