ಹಳೆ ಫಿಯಟ್ ಒಳಗಿನ ಬಣ್ಣ: ಕಪ್ಪು ಹೋಗಿ ಬಿಳಿಜೋಳ ಬರುತ್ತಿದೆ

ನಮ್ಮ ಫಿಯಟ್ 1100 ಡಿಲೈಟ್ 1968ರದ್ದು. ಎಂಜಿನ್, ಬ್ರೇಕ್, ವೈರಿಂಗ್ ಕೆಲಸ ಮುಗಿದು ಗಾಡಿ ಚೆನ್ನಾಗಿ ಓಡುತ್ತಿದೆ. ಈಗ ಒಳಗಿನ ಬಣ್ಣದ ಸರದಿ. ಹಿಂದಿನ ಮಾಲೀಕರು ಯಾರೋ ಸೀಟು, ಡೋರ್ ಪ್ಯಾಡ್, ಡ್ಯಾಶ್‌ಬೋರ್ಡ್ ಎಲ್ಲವನ್ನೂ ಕಪ್ಪು ಮಾಡಿಸಿದ್ದಾರೆ. ಕಲಬುರಗಿಯ ಮೇ ತಿಂಗಳು ಗೊತ್ತಲ್ವಾ, 42 ಡಿಗ್ರಿ ಇಲ್ಲಿ ಮಾಮೂಲು. ಈ ಗಾಡಿಗೆ ಎಸಿ ಇಲ್ಲ. ಮುಂದಿನ ಬಾಗಿಲಿನ ಮೂಲೆಯ ತ್ರಿಕೋನ ಗಾಜು ತಿರುಗಿಸಿದರೆ ಬರುವ ಗಾಳಿಯೇ ಗತಿ. ಸೂಪರ್ ಮಾರ್ಕೆಟ್ ಹತ್ತಿರ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸಿ ಬಂದರೆ ಸಾಕು, ಟವೆಲ್ ಹಾಸದೆ ಸೀಟಿನ ಮೇಲೆ ಕೂರಲು ಆಗುವುದಿಲ್ಲ. ಕಪ್ಪು ನೋಡಲು ಚೆಂದ ಇರಬಹುದು, ಆದರೆ ಈ ಊರಿನ ಗಾಡಿಗೆ ಅಲ್ಲ.

ಡ್ಯಾಶ್‌ಬೋರ್ಡಿನ ಆಶ್‌ಟ್ರೇ ಬಿಚ್ಚಿದಾಗ ಅದರ ಹಿಂದೆ ಹಳೆಯ ಪದರಗಳು ಕಂಡವು. ಮೇಲೆ ಕಪ್ಪು, ಅದರ ಕೆಳಗೆ ಮರೂನ್, ಎಲ್ಲಕ್ಕಿಂತ ಕೆಳಗೆ ಬಿಳಿಜೋಳದ ಹಿಟ್ಟಿನಂಥ ತಿಳಿ ಬಣ್ಣ. ಅದನ್ನು ನೋಡಿದ ಮೇಲೆ ಬೇರೆ ಯೋಚನೆಯೇ ಬರಲಿಲ್ಲ. ಹೊರಗಿನ ತಿಳಿ ನೀಲಿಗೂ ಅದು ಒಪ್ಪುತ್ತದೆ. ಇದು ಮುಖ್ಯ, ಯಾಕೆಂದರೆ ಈ ಗಾಡಿಯಲ್ಲಿ ಬಾಗಿಲಿನ ಕಬ್ಬಿಣದ ಚೌಕಟ್ಟು ಒಳಗಿನಿಂದಲೂ ಕಾಣುತ್ತದೆ. ಒಳಗಿನ ಬಣ್ಣ ಹೊರಗಿನದರ ಪಕ್ಕದಲ್ಲೇ ಕೂರಬೇಕು.

ಕುಶನ್ ಕೆಲಸದ ಉಸ್ತಾದರಿಗೆ ಮೊದಲು ಇದು ಒಪ್ಪಿಗೆ ಆಗಲಿಲ್ಲ.

"ತಿಳಿ ಬಣ್ಣ ಚಲೋ ಕಾಣ್ತದ ಸರ್, ಖರೆ. ಆದ್ರ ನಮ್ಮೂರ ಧೂಳಿಗಿ ಎಷ್ಟ್ ದಿನ ತಡೀತದ?"

"ಧೂಳು ಒರೆಸಿದ್ರ ಹೋಗ್ತದ ಉಸ್ತಾದ್. ಈ ಕಾವು ಒರೆಸಿದ್ರ ಹೋಗ್ತದೇನು?"

ಅವರ ಮಾತಲ್ಲೂ ಅರ್ಥ ಇತ್ತು. ಇಬ್ಬರೂ ಗಾಡಿಯೊಳಗೆ ಕೂತು ಎಲ್ಲಿ ಬಿಸಿಲು ಬೀಳುತ್ತದೆ, ಎಲ್ಲಿ ಚಪ್ಪಲಿ ತಾಗುತ್ತದೆ ಎಂದು ನೋಡಿದೆವು. ಕೂರುವ ಜಾಗ, ಬೆನ್ನು ಒರಗುವ ಜಾಗ, ಡೋರ್ ಪ್ಯಾಡಿನ ಮೇಲಿನ ಭಾಗ ತಿಳಿ ಬಣ್ಣ. ಸೀಟಿನ ಕೆಳ ಅಂಚು, ಡೋರ್ ಪ್ಯಾಡಿನ ಕೆಳಭಾಗ ಕಂದು. ಡ್ಯಾಶ್‌ಬೋರ್ಡಿನ ಮೇಲ್ಮೈ ಮಾತ್ರ ಗಾಢ ಕಂದು, ಅದೂ ಹೊಳಪಿಲ್ಲದ್ದು. ಅಲ್ಲಿ ತಿಳಿ ಬಣ್ಣ ಹಾಕಿದರೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು ಮಧ್ಯಾಹ್ನ ರಸ್ತೆಯೇ ಸರಿಯಾಗಿ ಕಾಣುವುದಿಲ್ಲ.

ಬಣ್ಣ ಬದಲಿಸುವುದು ಅಂದರೆ ಒಂದು ಡಬ್ಬಿ ತಂದು ಹೊಡೆಯುವುದು ಎಂದು ತುಂಬಾ ಜನ ತಿಳಿದಿದ್ದಾರೆ. ಒಳಗೆ ಇರುವುದು ನಾಲ್ಕು ಬೇರೆ ಬೇರೆ ವಸ್ತು: ಕಬ್ಬಿಣ, ರೆಕ್ಸಿನ್, ಪ್ಲಾಸ್ಟಿಕ್, ಬಟ್ಟೆ. ನಾಲ್ಕಕ್ಕೂ ಬಣ್ಣ ಬರುವ ದಾರಿ ಬೇರೆ, ಕೊನೆಗೆ ಕಣ್ಣಿಗೆ ಮಾತ್ರ ಒಂದೇ ಕಾಣಬೇಕು. ಹಾಗಾಗಿ ರೆಕ್ಸಿನ್ ಮೊದಲು ಆರಿಸಿದೆ. ಪೇಂಟ್ ಅಂಗಡಿಯವರು ಯಾವ ಬಣ್ಣ ಬೇಕಾದರೂ ಬೆರೆಸಿ ಕೊಡುತ್ತಾರೆ. ರೆಕ್ಸಿನ್ ಮಾತ್ರ ಅಂಗಡಿಯಲ್ಲಿ ಇದ್ದಷ್ಟೇ. ಇಲ್ಲಿ ಸಿಕ್ಕ ತಿಳಿ ಬಣ್ಣಗಳು ಹಳದಿಗೆ ಜಾಸ್ತಿ ವಾಲುತ್ತಿದ್ದವು. ಕೊನೆಗೆ ಸೊಲ್ಲಾಪುರದಿಂದ ರೋಲ್ ತರಿಸಿದೆ. ಆ ರೆಕ್ಸಿನ್ ತುಂಡು ಹಿಡಿದೇ ಪೇಂಟ್ ಬೆರೆಸಿದ್ದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಕಂಡವು. ಹೊರಗೆ ಬಿಸಿಲಿಗೆ ತಂದರೆ ಪೇಂಟ್ ಸ್ವಲ್ಪ ಗುಲಾಬಿಗೆ ತಿರುಗಿತು. ಸರಿಪಡಿಸಿದ ಮೇಲೆ ಒಂದು ತಗಡಿಗೆ ಹೊಡೆದು, ಗಾಡಿಯೊಳಗೇ ಇಟ್ಟು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಹೊತ್ತು ನೋಡಿದೆ. ಈಗ ನಿಜಕ್ಕೂ ಹೊಂದುತ್ತದೆ.

ಹಳೆ ಕಪ್ಪು ರೆಕ್ಸಿನ್ ಮೇಲೆಯೇ ಬಣ್ಣ ಹೊಡೆಯಬಹುದಲ್ಲ ಎಂದು ಗೆಳೆಯರು ಕೇಳಿದರು. ರೆಕ್ಸಿನ್ ಬಟ್ಟೆಯ ಹಾಗೆ ಬಣ್ಣ ಕುಡಿಯುವುದಿಲ್ಲ. ಅದರ ಮೇಲೆ ತೆಳುವಾದ ಪದರ ಕೂರುತ್ತದೆ ಅಷ್ಟೇ. ತಿಳಿ ರೆಕ್ಸಿನ್ನನ್ನು ಕಪ್ಪು ಮಾಡುವುದು ಸುಲಭ, ಎರಡು ಕೋಟಿನಲ್ಲಿ ಆಗುತ್ತದೆ. ಕಪ್ಪು ಮುಚ್ಚಿ ತಿಳಿ ಬಣ್ಣ ತರಬೇಕಾದರೆ ಕೋಟಿನ ಮೇಲೆ ಕೋಟು ಹೋಗಬೇಕು. ಪದರ ದಪ್ಪ ಆದಷ್ಟೂ ಮಡಿಕೆ ಬೀಳುವಲ್ಲಿ ಬಿರುಕು ಬಿಡುತ್ತದೆ. ಸೀಟಿಗೆ ಹೊಸ ರೆಕ್ಸಿನ್ನೇ ಸರಿ. ಬಾಗದ, ಮಡಚದ ಭಾಗಗಳಿಗೆ ಮಾತ್ರ ಪೇಂಟ್.

ಅತಿ ಹೆಚ್ಚು ಹೊತ್ತು ಹಿಡಿದಿದ್ದು ತೊಳೆಯುವ ಕೆಲಸ. ವರ್ಷಗಟ್ಟಲೆ ಹಚ್ಚಿದ ಡ್ಯಾಶ್‌ಬೋರ್ಡ್ ಪಾಲಿಶಿನಲ್ಲಿ ಸಿಲಿಕೋನ್ ಇರುತ್ತದೆ. ಅದು ಸ್ವಲ್ಪ ಉಳಿದರೂ ಪೇಂಟ್ ಅಲ್ಲಲ್ಲಿ ಸರಿದು ಸಣ್ಣ ಸಣ್ಣ ಗುಳಿ ಬೀಳುತ್ತವೆ. ಸೋಪಿನ ನೀರು, ಬ್ರಷ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಬಿಳಿ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸುವುದು, ಬಟ್ಟೆ ಮಾಸಿದರೆ ಹೊಸದು. ನೀರು ಚಿಮುಕಿಸಿದರೆ ಮುತ್ತಿನ ಹಾಗೆ ನಿಲ್ಲದೆ ಹಾಳೆಯಾಗಿ ಹರಡಬೇಕು. ಅಲ್ಲಿವರೆಗೆ ಬಿಡಲಿಲ್ಲ.

ನಂತರ ಸೇರಿಸಿದ ಪ್ಲಾಸ್ಟಿಕ್ ತುಂಡುಗಳು ಕೆಲವು ಇದ್ದವು. ಅವು ಯಾವ ಪ್ಲಾಸ್ಟಿಕ್ ಎಂದು ತಿಳಿಯಲು ಒಂದು ಬಕೆಟ್ ನೀರು ಸಾಕು. ಪಾಲಿಪ್ರೊಪೈಲಿನ್ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ತೇಲಿದ್ದಕ್ಕೆ ಪೇಂಟ್ ಹಾಗೇ ಹಿಡಿಯುವುದಿಲ್ಲ, ಮೊದಲು ಪೇಂಟ್ ಅಂಟಿಕೊಳ್ಳುವಂತೆ ಮಾಡುವ ಅಡ್ಹೀಶನ್ ಪ್ರೊಮೋಟರ್ ಹೊಡೆಯಬೇಕು. ಒಣಗಿದ ಮೇಲೆ ಮರೆಯಾಗುವ ಜಾಗದಲ್ಲಿ ಬ್ಲೇಡಿನಿಂದ ಸಣ್ಣ ಚೌಕಗಳನ್ನು ಗೀರಿ, ಟೇಪ್ ಅಂಟಿಸಿ ಎಳೆದೆ. ಒಂದು ಚೂರೂ ಎದ್ದು ಬರಲಿಲ್ಲ!

ಡ್ಯಾಶ್‌ಬೋರ್ಡಿನ ಕಬ್ಬಿಣವನ್ನು ತಳದವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹಾಕಿ, 2ಕೆ ಪೇಂಟ್ (ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು) ಹೊಡೆದಿದ್ದು ಸಂಕ್ರಾಂತಿ ಆದ ಮೇಲೆ. ಬೇಸಿಗೆಯಲ್ಲಾದರೆ ಗನ್ನಿನಿಂದ ಹೊರಟ ಪೇಂಟ್ ತಗಡು ಮುಟ್ಟುವಷ್ಟರಲ್ಲೇ ಅರ್ಧ ಒಣಗಿ ಮರಳಿನಂತೆ ಕೂರುತ್ತದೆ. ಆದರೆ ಸಂಕ್ರಾಂತಿ ಹೊತ್ತಿಗೆ ಸುತ್ತ ತೊಗರಿ ರಾಶಿ ನಡೆದಿರುತ್ತದೆ, ಗಾಳಿಯಲ್ಲೆಲ್ಲ ಹೊಟ್ಟು. ಅದಕ್ಕೆ ಬೆಳಗಿನ ಜಾವ, ಗಾಳಿ ಏಳುವ ಮೊದಲು, ಶೆಡ್ಡಿನ ಶಹಾಬಾದ್ ಫರ್ಸಿಯ ಮೇಲೆ ನೀರು ಹೊಡೆದು ಧೂಳು ಕೂರಿಸಿಕೊಂಡು ಕೆಲಸ ಶುರು ಮಾಡಿದೆವು. 2ಕೆ ಹೊಡೆಯುವವರಿಗೆ ಒಂದು ಮಾತು: ಅದರ ಹಾರ್ಡನರಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುತ್ತದೆ, ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಏನೇನೂ ಸಾಲುವುದಿಲ್ಲ. ಕನಿಷ್ಠ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಆದರೂ ಬೇಕೇ ಬೇಕು.

ಒಳಗಿನ ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬರೆಸಬೇಕೇ ಎಂದು ಒಬ್ಬರು ಕೇಳಿದ್ದರು. ಹೊರಗಿನ ಬಣ್ಣ ಬದಲಾದರೆ ಆರ್‌ಸಿಯಲ್ಲಿ ಬರೆಸಬೇಕು, ಒಳಗಿನದು ಅದರಲ್ಲಿ ಇರುವುದೇ ಇಲ್ಲ. 2021ರ ವಿಂಟೇಜ್ ನಿಯಮವೂ 50 ವರ್ಷ ದಾಟಿದ ಗಾಡಿಗಳ ಚಾಸಿ, ಬಾಡಿ ಶೆಲ್, ಎಂಜಿನ್ ಮೂಲ ರೂಪದಲ್ಲಿ ಇರಬೇಕು ಎನ್ನುತ್ತದೆ.

ಡೋರ್ ಪ್ಯಾಡಿನ ಹಾರ್ಡ್‌ಬೋರ್ಡ್ ನೀರು ಕುಡಿದು ಉಬ್ಬಿತ್ತು. ಹಳೆಯದನ್ನೇ ಅಳತೆಗೆ ಇಟ್ಟು ಹೊಸದು ಕತ್ತರಿಸಿದ್ದಾಗಿದೆ. ಉಸ್ತಾದರು ಮುಂದಿನ ಬೆಂಚ್ ಸೀಟು ಬಿಚ್ಚಿ ಸ್ಪ್ರಿಂಗ್ ಬಿಗಿ ಮಾಡಿ, ತೆಂಗಿನ ನಾರಿನ ಮೇಲೆ ಹೊಸ ಫೋಮ್ ಕೂರಿಸಿದ್ದಾರೆ. ತಿಳಿ ರೆಕ್ಸಿನ್ನಿಗೆ ಹೊಲಿಗೆಯ ಅಂಚಿನಲ್ಲಿ ಕಂದು ಪೈಪಿಂಗ್ ಹಾಕೋಣ ಎಂದಿದ್ದು ಅವರೇ. ಹೊಲಿದ ಮೊದಲ ತುಂಡು ತೋರಿಸಿದಾಗ ಅವರ ಮುಖದಲ್ಲಿ ನನಗಿಂತ ಜಾಸ್ತಿ ಖುಷಿ ಇತ್ತು.

ಇನ್ನು ಚಾವಣಿಯ ಬಟ್ಟೆ. ಅದು ತಂತಿಗಳ ಮೇಲೆ ನೇತಾಡುತ್ತದೆ, ಅಂಚು ಗಾಜಿನ ರಬ್ಬರಿನ ಕೆಳಗೆ ಹೋಗುತ್ತದೆ. ಹಾಗಾಗಿ ಮುಂದಿನ ಮತ್ತು ಹಿಂದಿನ ಗಾಜು ಎರಡೂ ಹೊರಗೆ ಬರಬೇಕು. ಈ ಗಾಡಿ ತಯಾರಾಗಿದ್ದು ಮುಂಬೈನ ಕುರ್ಲಾದಲ್ಲಿ, ಹೊಸ ರಬ್ಬರ್ ಸಿಕ್ಕಿದ್ದೂ ಅಲ್ಲೇ. ಪ್ರೀಮಿಯರ್ ಪದ್ಮಿನಿ ಕಾರಿನದ್ದೇ ಇದಕ್ಕೂ ಕೂರುತ್ತದೆ. ಚಾವಣಿ ಮುಗಿದು ಗಾಜು ಕೂತ ಮೇಲೆ ಸೀಟು ಒಳಗೆ ಹೋಗುತ್ತವೆ. ಅದಕ್ಕೂ ಮೊದಲು ಅವನ್ನು ಒಳಗೆ ಇಡುವುದಿಲ್ಲ ಎಂದು ಉಸ್ತಾದರು ಹೇಳಿಬಿಟ್ಟಿದ್ದಾರೆ.